ಬೆನ್ನುಡಿಯ ಮುಯ್ಯಿ

ನಾನು ಇದುವರೆಗೆ 14 ಪುಸ್ತಕಗಳಿಗೆ ಬೆನ್ನುಡಿ ಬರೆದಿದ್ದೇನೆ. ಅವುಗಳಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಬರೆದದ್ದು 9. ಉಳಿದ ಐದರಲ್ಲಿ ಒಂದರ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ನುಂಗಿಕೊಂಡು ಬೇರೆಯವರ ಬೆನ್ನುಡಿಗಳ ಬಗ್ಗೆ ಮಾತಾಡುವುದು ಸರಿಯಾಗುವುದಿಲ್ಲ.

ಪುಸ್ತಕ ನನ್ನ ಗೆಳೆಯನದು. ಎಂ.ಎ. ಓದುವಾಗ ಒಂದೇ ಕೋಣೆಯಲ್ಲಿದ್ದವರು ನಾವು. ಅವನು ಈಗ ಹೈಸ್ಕೂಲು ಮೇಷ್ಟ್ರು, ನಾನು ಹಾಸನದ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹನ್ನೆರಡು ಕತೆಗಳ ಮೊದಲ ಸಂಕಲನ ತರುತ್ತಿದ್ದೇನೆ, ಬೆನ್ನುಡಿ ನೀನೇ ಬರೆಯಬೇಕು ಎಂದ. ಪಿಡಿಎಫ್ ಕಳಿಸಿದ. ನಾನು ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಮೊಬೈಲಿನಲ್ಲೇ ನಾಲ್ಕು ಕತೆ ಓದಿದೆ. ಕುಣಿಗಲ್ ದಾಟುವ ಹೊತ್ತಿಗೆ ನಿದ್ದೆ ಬಂತು. ಮಾರನೆಯ ದಿನ ಪ್ರಕಾಶಕರ ಫೋನು: ಮುಖಪುಟ ಪ್ರೆಸ್ಸಿಗೆ ಹೋಗಬೇಕು, ಸಂಜೆಯೊಳಗೆ ಕೊಡಿ. ಕೊಟ್ಟೆ. ಗೆಳೆಯನ ಕತೆಗಳು ನೆಲದ ಸೊಗಡಿನಿಂದ ಮೈದುಂಬಿವೆ, ಬದಲಾಗುತ್ತಿರುವ ಗ್ರಾಮಬದುಕಿನ ತಲ್ಲಣಗಳನ್ನು ಆರ್ದ್ರವಾಗಿ ಹಿಡಿದಿಡುತ್ತವೆ, ಇವರು ನಮ್ಮ ನಡುವಿನ ಭರವಸೆಯ ಕತೆಗಾರ. ಇಷ್ಟು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಬಿಡುಗಡೆಗೂ ಹೋದೆ, ಮಾತಾಡಿದೆ, ಚಪ್ಪಾಳೆ ಬಿತ್ತು.

ಒಂದೂವರೆ ವರ್ಷದ ಮೇಲೆ, ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದು ನಿಂತಳು. ಕೈಯಲ್ಲಿ ಅದೇ ಪುಸ್ತಕ. "ಸರ್, ನಿಮ್ಮ ಬೆನ್ನುಡಿ ನೋಡಿ ತಗೊಂಡೆ. ಏಳನೇ ಕತೇಲಿ ಒಂದು ಡೌಟು." ಕೇಳಮ್ಮ ಎಂದೆ. "ಮೂರನೇ ಪುಟದಲ್ಲಿ ಅತ್ತೆ ಸತ್ತು ಹೋಗ್ತಾರೆ. ತಿಥಿನೂ ಆಗುತ್ತೆ. ಒಂಬತ್ತನೇ ಪುಟದಲ್ಲಿ ಅದೇ ಅತ್ತೆ ಬಂದು ಕಾಫಿ ಕೊಡ್ತಾರೆ. ಇದು ಮಾಂತ್ರಿಕ ವಾಸ್ತವವಾದ ಅಂತ ತಿಳ್ಕೋಬೇಕಾ ಸರ್?"

ಅವಳು ವ್ಯಂಗ್ಯ ಮಾಡುತ್ತಿರಲಿಲ್ಲ. ಹಿಂದಿನ ವಾರವಷ್ಟೇ ನಾನು ಮಾಂತ್ರಿಕ ವಾಸ್ತವವಾದದ ಪಾಠ ಮಾಡಿದ್ದೆ. ನಾನು ಬೆನ್ನುಡಿ ಬರೆದಿದ್ದೇನೆಂದರೆ ಆ ಅತ್ತೆ ಮತ್ತೆ ಬಂದುದಕ್ಕೆ ಏನೋ ಅರ್ಥವಿರಲೇಬೇಕು ಎಂದು ಅವಳು ನಂಬಿದ್ದಳು. ನಾನು ಆ ಕತೆಯನ್ನು ಓದಿಯೇ ಇರಲಿಲ್ಲ. "ನೋಡಿ ಹೇಳ್ತೀನಿ" ಎಂದು ತಪ್ಪಿಸಿಕೊಂಡೆ. ಪುಸ್ತಕದ ಬೆಲೆ 180 ರೂಪಾಯಿ. ಅವಳು ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ.

ಅವತ್ತಿನಿಂದ ನನ್ನನ್ನು ಕಾಡುತ್ತಿರುವುದು ಮುಯ್ಯಿ ಎಂಬ ಶಬ್ದ. ನಮ್ಮ ಕಡೆ ಮದುವೆ ಮನೆಯಲ್ಲಿ ಬಾಗಿಲ ಬಳಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಬಂದವರು ಕೊಟ್ಟ ಹಣವನ್ನು ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟಕ್ಕೆ ಒಂದಿಷ್ಟು ಸೇರಿಸಿ ಹಿಂದಿರುಗಿಸಬೇಕು. ನಮ್ಮವ್ವನ ಟ್ರಂಕಿನಲ್ಲಿ ಅಂಥ ಮೂರು ನೋಟ್‌ಬುಕ್ಕುಗಳಿವೆ. ಅವಳಿಗೆ ಓದಲು ಬಾರದು, ಆದರೆ ಯಾವ ಪುಟದಲ್ಲಿ ಯಾರ ಬಾಕಿ ಇದೆ ಎಂಬುದು ಬಾಯಿಗೆ ಬರುತ್ತದೆ. ಕನ್ನಡದ ಲೇಖಕರಾದ ನಮ್ಮ ತಲೆಯೊಳಗೂ ಇಂಥದೊಂದು ನೋಟ್‌ಬುಕ್ ಇದೆ. ನನ್ನ ಕಾದಂಬರಿಯ ಬಗ್ಗೆ ಅವರು ಫೇಸ್‌ಬುಕ್ಕಿನಲ್ಲಿ ಬರೆದಿದ್ದರು, ಅವರ ಕವನಗಳ ಬಗ್ಗೆ ನಾನು ಬರೆಯಬೇಕು. ನನ್ನ ಬಿಡುಗಡೆಗೆ ಅವರು ದಾವಣಗೆರೆಯಿಂದ ಬಂದಿದ್ದರು, ಅವರ ಬಿಡುಗಡೆಗೆ ನಾನು ಹೋಗದಿದ್ದರೆ ಹೇಗೆ? ಅವರು ನನ್ನ ಪುಸ್ತಕದ ಐದು ಪ್ರತಿ ಕೊಂಡಿದ್ದರು.

ಯಾವುದೇ ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಕನಿಷ್ಠ ಎರಡು ಮೂರು ಪುಸ್ತಕಗಳು ಬಿಡುಗಡೆಯಾಗುತ್ತವೆ. ಹತ್ತೂವರೆಯ ಕಾರ್ಯಕ್ರಮ ಹನ್ನೊಂದೂಕಾಲಿಗೆ ಶುರು. ಮೊದಲು ಇಡ್ಲಿ, ವಡೆ, ಕಾಫಿ. ವೇದಿಕೆಯ ಮೇಲೆ ಏಳು ಜನ, ಎದುರಿಗೆ ಅರವತ್ತು. ಆ ಅರವತ್ತರಲ್ಲಿ ನಲವತ್ತು ಜನ ತಾವೇ ಬರೆಯುವವರು, ಹತ್ತು ಜನ ಲೇಖಕರ ನೆಂಟರು, ಉಳಿದವರಲ್ಲಿ ಒಬ್ಬಿಬ್ಬರು ದಾರಿ ತಪ್ಪಿ ಬಂದ ಓದುಗರು. ರಂಗು ಕಾಗದ ಬಿಚ್ಚಿ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಸಾಲಾಗಿ ನಿಂತು ಫೋಟೋ. ನಂತರ ಪುಸ್ತಕದ ಬಗ್ಗೆ ಮಾತಾಡಬೇಕಾದವರು "ನನಗೆ ನಿನ್ನೆ ರಾತ್ರಿಯಷ್ಟೇ ಪುಸ್ತಕ ಕೈಸೇರಿತು" ಎಂದು ಆರಂಭಿಸುತ್ತಾರೆ. ಈ ಮಾತನ್ನು ನಾನೂ ಆಡಿದ್ದೇನೆ. ಅದು ಒಂದು ಬಗೆಯ ನಿರೀಕ್ಷಣಾ ಜಾಮೀನು.

ಇದನ್ನು ಗೇಲಿ ಮಾಡುವುದು ಸುಲಭ. ಗೇಲಿ ಮಾಡಿ ಮುಗಿಸಿಬಿಡುವ ಹಾಗಿಲ್ಲ. ಯಾಕೆಂದರೆ ಈ ಅರವತ್ತು ಜನರೂ ಬಾರದಿದ್ದರೆ ಆ ಪುಸ್ತಕ ಬಂದದ್ದೇ ಯಾರಿಗೂ ತಿಳಿಯುವುದಿಲ್ಲ. ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಪುಸ್ತಕ ವಿಮರ್ಶೆಗೆ ಇದ್ದ ಜಾಗ ಕುಗ್ಗಿ ಕುಗ್ಗಿ ಮುಖಪುಟದ ಅಂಚೆಚೀಟಿ ಗಾತ್ರದ ಚಿತ್ರ ಮತ್ತು ನಾಲ್ಕು ಸಾಲಿಗೆ ಬಂದಿದೆ. ಊರಿನಲ್ಲಿ ಪುಸ್ತಕದಂಗಡಿ ಎಂದರೆ ಗೈಡುಗಳ ಅಂಗಡಿ. ನನ್ನ ಮೊದಲ ಸಂಕಲನ 500 ಪ್ರತಿ ಅಚ್ಚಾಗಿತ್ತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾಗುತ್ತದೆಂದು ಕಾದೆವು. ಆಗಲಿಲ್ಲ. ಎರಡು ವರ್ಷ ನಮ್ಮ ಮನೆಯ ಮಂಚದ ಕೆಳಗೆ ಆರು ಕಟ್ಟು ಪುಸ್ತಕಗಳಿದ್ದವು. ಅವುಗಳಲ್ಲಿ ಮಾರಾಟವಾದ ಪ್ರತಿಗಳೆಲ್ಲ ಬರೆಯುವ ಗೆಳೆಯರು ತಮ್ಮ ಗೆಳೆಯರಿಗೆ ಹೇಳಿ, ಜಗಳವಾಡಿ, ಮೇಲೆ ಬಿದ್ದು ಮಾರಿದವು. 150 ರೂಪಾಯಿಯ ಪುಸ್ತಕಕ್ಕೆ 50 ರೂಪಾಯಿ ಕೊರಿಯರ್ ತೆತ್ತು ತರಿಸಿಕೊಂಡವರ ಹೆಸರು ಇವತ್ತಿಗೂ ನನಗೆ ನೆನಪಿದೆ. ಹಾಗಿರುವಾಗ ಲೇಖಕರು ಒಬ್ಬರಿಗೊಬ್ಬರು ನಿಲ್ಲುವುದನ್ನು ತಪ್ಪು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹೇಗೆ ನಿಲ್ಲುತ್ತೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಮುಯ್ಯಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ. ಮುಯ್ಯಾಳು. ಇವತ್ತು ನಾನು ನಿಮ್ಮ ಗದ್ದೆಯ ನಾಟಿಗೆ ಬರುತ್ತೇನೆ, ನಾಳಿದ್ದು ನೀವು ನನ್ನ ಗದ್ದೆಗೆ ಬರಬೇಕು. ದುಡ್ಡಿಲ್ಲ, ನೋಟ್‌ಬುಕ್ಕಿಲ್ಲ, ಆದರೆ ಲೆಕ್ಕವಿದೆ. ಮದುವೆಯ ಮುಯ್ಯಿಯಲ್ಲಿ ಕವರಿನೊಳಗೆ ಏನಿದೆ ಎಂದು ಎದುರಿಗೆ ಯಾರೂ ಬಿಚ್ಚಿ ನೋಡುವುದಿಲ್ಲ. ಮುಯ್ಯಾಳಿನಲ್ಲಿ ಹಾಗಲ್ಲ. ಪೈರನ್ನು ಮೇಲೆ ಮೇಲೆ ಊರಿ ಹೋದರೆ ಎರಡು ದಿನಕ್ಕೆ ನೀರಿನ ಮೇಲೆ ತೇಲುತ್ತದೆ, ಯಾರ ಸಾಲು ಎಂದು ಇಡೀ ಊರಿಗೆ ಗೊತ್ತಾಗುತ್ತದೆ. ಕನ್ನಡದಲ್ಲಿ ಲೇಖಕರು ಪರಸ್ಪರ ಆದುದರ ಚರಿತ್ರೆಯಲ್ಲಿ ಈ ಎರಡೂ ಬಗೆಗಳಿವೆ ಎಂದು ನನಗೆ ಅನ್ನಿಸುತ್ತದೆ, ಮತ್ತು ನಾವು ಎರಡನೆಯದರಿಂದ ಮೊದಲನೆಯದಕ್ಕೆ ಜಾರಿದ್ದೇವೆ ಎಂಬುದು ನನ್ನ ತಕರಾರು.

ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂಬುದು ನಮ್ಮಲ್ಲಿ ಮನೆಮಾತು. ಕಾರಂತರು ಪುತ್ತೂರಿನಲ್ಲಿ ತಮ್ಮದೇ ಅಚ್ಚುಕೂಟ ಇಟ್ಟುಕೊಂಡರು. ರಾಜರತ್ನಂ ಶಾಕ್ಯ ಸಾಹಿತ್ಯ ಮಂಟಪದ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿ ಚೀಲದಲ್ಲಿ ತುಂಬಿಕೊಂಡು ಮನೆಮನೆಗೆ ಮುಟ್ಟಿಸಿದರು. ಇವರೆಲ್ಲ ತಮ್ಮ ಪುಸ್ತಕವನ್ನು ತಾವು ಹೊತ್ತವರು, ಅದು ದೊಡ್ಡದೇ. ನನಗೆ ಅದಕ್ಕಿಂತ ಕುತೂಹಲ ಬೇರೆಯವರ ಪುಸ್ತಕ ಹೊತ್ತವರ ಬಗ್ಗೆ. ಮಾಸ್ತಿ 1944ರಿಂದ ಸುಮಾರು ಎರಡು ದಶಕ 'ಜೀವನ' ಪತ್ರಿಕೆಯನ್ನು ನಡೆಸಿದ್ದನ್ನು ನೆನೆಯಿರಿ. ತಾವೇ ಕತೆ ಕಾದಂಬರಿಗಳನ್ನು ಬರೆಯುವ ಹೊತ್ತನ್ನು ಕುಯ್ದು ಇತರರ ಬರಹಗಳ ಕರಡು ತಿದ್ದುವುದಕ್ಕೆ ಕೊಟ್ಟರು.

ಧಾರವಾಡದ ಮನೋಹರ ಗ್ರಂಥಮಾಲೆಯ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. 1933ರಲ್ಲಿ ಶುರುವಾದದ್ದು. ನಡೆಸಿದ ಜಿ.ಬಿ. ಜೋಶಿಯವರು ಬರೀ ಪ್ರಕಾಶಕರಲ್ಲ. ಜಡಭರತ ಎಂಬ ಹೆಸರಿನಲ್ಲಿ 'ಮೂಕಬಲಿ', 'ಕದಡಿದ ನೀರು', 'ಸತ್ತವರ ನೆರಳು' ಬರೆದ ನಾಟಕಕಾರ. ಗ್ರಂಥಮಾಲೆಯ ಪದ್ಧತಿ ಚಂದಾದಾರರದು. ಓದುಗರು ಮುಂಗಡ ಹಣ ಕೊಡುತ್ತಾರೆ, ವರ್ಷದ ಪುಸ್ತಕಗಳು ಅವರ ಮನೆಗೆ ಹೋಗುತ್ತವೆ. ಇಂದಿನ 'ಪ್ರೀ-ಬುಕಿಂಗ್' ಇದರ ಮೊಮ್ಮಗನಂತೆ ಕಾಣುತ್ತದೆ, ಆದರೆ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಪ್ರೀ-ಬುಕಿಂಗಿನಲ್ಲಿ ನಾನು ಕೊಳ್ಳುವುದು ನನಗೆ ಪರಿಚಯವಿರುವ ಲೇಖಕನನ್ನು. ಗ್ರಂಥಮಾಲೆಯ ಚಂದಾದಾರ ಕೊಳ್ಳುತ್ತಿದ್ದುದು ಸುಭಾಷ್ ರಸ್ತೆಯ ಆ ಅಟ್ಟದ ಮೇಲೆ ಕೂತು ಹಸ್ತಪ್ರತಿ ಓದುವವರ ವಿವೇಕವನ್ನು. ಆ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರಿದ್ದರು. 1961ರಲ್ಲಿ, ಹೆಸರೇ ಕೇಳದ ಇಪ್ಪತ್ತಮೂರರ ಒಬ್ಬ ಹುಡುಗನ 'ಯಯಾತಿ' ಎಂಬ ನಾಟಕ ಅಲ್ಲಿಂದ ಬಂತು. 1965ರಲ್ಲಿ 'ಸಂಸ್ಕಾರ' ಬಂತು. ಅನಂತಮೂರ್ತಿ ಯಾರು ಎಂದು ತಿಳಿಯದೆಯೇ ಚಂದಾದಾರರು ಎಷ್ಟೋ ಜನ ಆ ಕಾದಂಬರಿಯನ್ನು ಅಂಚೆಯಲ್ಲಿ ಪಡೆದಿರಬೇಕು. ಕೆಲವರಿಗೆ ಓದಿ ಸಿಟ್ಟೂ ಬಂದಿರಬೇಕು. ಚಂದಾ ಹಣ ಒಬ್ಬ ಲೇಖಕನ ಪರಿಚಯದವರಿಂದ ಬಂದದ್ದಾಗಿದ್ದರೆ ಆ ಪುಸ್ತಕ ಅಂಥ ಮನೆಗಳಿಗೆ ಹೋಗುತ್ತಲೇ ಇರಲಿಲ್ಲ.

ಆ 'ಯಯಾತಿ'ಯ ಹುಡುಗ ಮುಂದೆ ಏನು ಮಾಡಿದರು ಎಂಬುದೂ ಮುಖ್ಯ. ಕಾರ್ನಾಡರು ಜಗತ್ತಿಗೆ ಗೊತ್ತಾದ ಮೇಲೂ ಗ್ರಂಥಮಾಲೆಯನ್ನು ಬಿಡಲಿಲ್ಲ. ಅದರ ಸಲಹೆಗಾರರಾಗಿ ಬೇರೆಯವರ ಹಸ್ತಪ್ರತಿಗಳನ್ನು ನೋಡಿದರು. 2011ರಲ್ಲಿ ಅವರ ಆತ್ಮಕತೆ 'ಆಡಾಡತ ಆಯುಷ್ಯ' ಬಂದದ್ದೂ ಅಲ್ಲಿಂದಲೇ. ಇದೇ ನಾನು ಹೇಳುವ ಮುಯ್ಯಾಳು.

ಇನ್ನು ಮುನ್ನುಡಿಯ ವಿಷಯ. 1959ರಲ್ಲಿ ಅಡಿಗರ 'ಭೂಮಿಗೀತ' ಬಂದಾಗ ಅದಕ್ಕೆ ಮುನ್ನುಡಿ ಬರೆದವರು ಅನಂತಮೂರ್ತಿ. ಅಡಿಗರಿಗೆ ಆಗ ನಲವತ್ತು ದಾಟಿತ್ತು, ಅನಂತಮೂರ್ತಿಗೆ ಇನ್ನೂ ಮೂವತ್ತಾಗಿರಲಿಲ್ಲ. ಹಿರಿಯರಿಂದ ಕಿರಿಯರಿಗೆ ಆಶೀರ್ವಾದದ ಹಾಗೆ ಇಳಿದು ಬರುವ ಮುನ್ನುಡಿ ಇಲ್ಲಿ ಏಣಿಯನ್ನು ತಿರುಗಿಸಿ ಹತ್ತಿತು. ನವ್ಯಕಾವ್ಯ ಎಂದರೇನು, ಅದನ್ನು ಯಾಕೆ ಹೀಗೆ ಬರೆಯಬೇಕಾಯಿತು ಎಂದು ವಾದ ಮಾಡುವ ಬರಹ ಅದು. ಒಪ್ಪದವರಿಗೆ ಜಗಳವಾಡಲು ಅದರಲ್ಲಿ ಹಿಡಿಕೆಗಳಿವೆ. ಅದನ್ನು ಪ್ರಚಾರ ಎಂದು ಕರೆಯಬಹುದೇ? ಖಂಡಿತ ಕರೆಯಬಹುದು. ನವ್ಯದ ಗೆಳೆಯರು ಒಬ್ಬರನ್ನೊಬ್ಬರು ಎತ್ತಿ ಹಿಡಿದರು, ಅದರಲ್ಲಿ ಗುಂಪುಗಾರಿಕೆಯೂ ಇತ್ತು, ಹೊರಗುಳಿದವರು ಅದನ್ನು ಆಗಲೇ ಹೇಳಿದರು. 1970ರಲ್ಲಿ ಲಂಕೇಶರು ಸಂಪಾದಿಸಿ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಬಂದ 'ಅಕ್ಷರ ಹೊಸ ಕಾವ್ಯ'ದಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದನ್ನು ಇವತ್ತಿಗೂ ಎಣಿಸುವವರಿದ್ದಾರೆ. ಆದರೆ ಆ ಗುಂಪಿನೊಳಗೆ ಜಗಳಕ್ಕೆ ಬಾಗಿಲು ತೆರೆದಿತ್ತು. ತೇಜಸ್ವಿ 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ತಂದಾಗ ಮುನ್ನುಡಿಯನ್ನು ತಾವೇ ಬರೆದು, ತಾನು ನವ್ಯದಿಂದ ಹೊರಬೀಳುತ್ತಿದ್ದೇನೆ ಎಂದು ಸಾರಿದರು. ಗೆಳೆಯರ ಮುಖ ನೋಡಿ ಮುನ್ನುಡಿ ಬರೆಯುವ ಕಾಲವಾಗಿದ್ದರೆ ಅಂಥದ್ದು ಅಚ್ಚಾಗುತ್ತಿತ್ತೇ?

ಈಗಿನ ಬೆನ್ನುಡಿಗಳ ಭಾಷೆಯನ್ನು ಪರೀಕ್ಷಿಸಲು ನಾನು ಕಳೆದ ವರ್ಷ ತರಗತಿಯಲ್ಲಿ ಒಂದು ಆಟ ಆಡಿಸಿದೆ. ನನ್ನ ಕಪಾಟಿನಿಂದ ಇತ್ತೀಚಿನ ಹತ್ತು ಕಥಾಸಂಕಲನ ತೆಗೆದೆ. ಬೆನ್ನುಡಿಗಳನ್ನು ಹೆಸರಿಲ್ಲದೆ ಟೈಪು ಮಾಡಿ ಹಂಚಿದೆ. ಪ್ರತಿ ಸಂಕಲನದಿಂದ ಒಂದೊಂದು ಕತೆ ಮೊದಲೇ ಓದಿಸಿದ್ದೆ. ಯಾವ ಬೆನ್ನುಡಿ ಯಾವ ಪುಸ್ತಕದ್ದು, ಹೊಂದಿಸಿ ಬರೆಯಿರಿ ಎಂದೆ. ಎಸ್ಸೆಸ್ಸೆಲ್ಸಿಯಿಂದ ಹೊಂದಿಸಿ ಬರೆದೇ ಬಂದ ಮಕ್ಕಳು, ಸೋತುಹೋದರು. ನಾನು ಬರೆದ ಎರಡು ಅದರಲ್ಲಿದ್ದವು, ಅವನ್ನೂ ಯಾರೂ ಹೊಂದಿಸಲಿಲ್ಲ. ತಲ್ಲಣ ಎಂಬ ಶಬ್ದ ಹತ್ತರಲ್ಲಿ ಏಳು ಕಡೆ ಇತ್ತು. ದಟ್ಟ ಅನುಭವ, ಜೀವಪರ, ಧ್ಯಾನಸ್ಥ, ಹದ, ಒಳಗಣ್ಣು, ಸಶಕ್ತ. ಒಬ್ಬ ಹುಡುಗ ಎದ್ದು, "ಸರ್, ಇವನ್ನೆಲ್ಲ ಒಂದೇ ಪುಸ್ತಕಕ್ಕೆ ಹಾಕಿದ್ರೂ ನಡೆಯುತ್ತೆ" ಎಂದ. ಎಲ್ಲರೂ ಸರಿಯಾಗಿ ಹೊಂದಿಸಿದ್ದು ಒಂದನ್ನು ಮಾತ್ರ. ಅದರಲ್ಲಿ ಬರೆದವರು ಎರಡನೇ ಕತೆಯಲ್ಲಿ ಬತ್ತಿದ ಬಾವಿಗೆ ಇಳಿದು ಕೊಡಪಾನ ಹುಡುಕುವ ಮುದುಕಿಯ ಬಗ್ಗೆ ಮಾತಾಡಿದ್ದರು. ಆ ಕೊಡಪಾನ ಕೊನೆಗೂ ಸಿಗಬಾರದಿತ್ತು, ಸಿಕ್ಕಿದ್ದರಿಂದ ಕತೆ ಸ್ವಲ್ಪ ಸಡಿಲವಾಯಿತು ಎಂದೂ ಬೆನ್ನುಡಿಯಲ್ಲೇ ಸೇರಿಸಿದ್ದರು. ತಮಾಷೆಯೆಂದರೆ, ಈ ಹತ್ತರಲ್ಲಿ ಯಾವುದನ್ನು ಕೊಳ್ಳುತ್ತೀರಿ ಎಂದು ಕೇಳಿದಾಗ ಹೆಚ್ಚು ಕೈ ಎದ್ದದ್ದು ಅದಕ್ಕೇ. ಕೊಡಪಾನ ಸಿಕ್ಕಿದ್ದು ಸರಿಯೋ ತಪ್ಪೋ ನಾವೇ ನೋಡಬೇಕು ಎಂದರು.

ಹೊಗಳಿಕೆಯಿಂದ ಪುಸ್ತಕ ಮಾರಾಟವಾಗುತ್ತದೆ ಎಂಬುದು ನಮ್ಮ ನಂಬಿಕೆ. ಅದು ಅರ್ಧ ನಿಜ. ಬಿಡುಗಡೆಯ ದಿನ, ಪೋಸ್ಟು ಹಾಕಿದ ದಿನ, ಹೊಗಳಿಕೆ ಮಾರುತ್ತದೆ. ಆದರೆ ಕೊಂಡವರು ಯಾರು? ನಮ್ಮ ಹೊಗಳಿಕೆಯ ವಿನಿಮಯ ದರ ಗೊತ್ತಿರುವ ನಾವೇ. ನಮಗೆ ಮೋಸವಾಗುವುದಿಲ್ಲ. 'ನಮ್ಮ ಕಾಲದ ಮುಖ್ಯ ಕತೆಗಾರ' ಎಂದರೆ 'ಒಳ್ಳೆಯ ಹುಡುಗ, ಕರೆದರೆ ಬರುತ್ತಾನೆ' ಎಂದು ನಾವು ಸರಿಯಾಗಿ ಅನುವಾದಿಸಿಕೊಳ್ಳುತ್ತೇವೆ. ಈ ನಿಘಂಟು ಇಲ್ಲದವರು ಹೊರಗಿನ ಓದುಗರು, ಅದರಲ್ಲೂ ವಿದ್ಯಾರ್ಥಿಗಳು. ಅವರು ಅಚ್ಚಾದದ್ದನ್ನು ನಂಬುತ್ತಾರೆ. ಎರಡು ಸಲ ನಂಬಿ, ಮೂರನೆಯ ಸಲ ಪುಸ್ತಕ ಚೆನ್ನಾಗಿಲ್ಲ ಎಂದುಕೊಳ್ಳುವ ಬದಲು, ತಮಗೆ ಕನ್ನಡ ಸಾಹಿತ್ಯ ತಿಳಿಯುವುದಿಲ್ಲ ಎಂದುಕೊಂಡು ದೂರ ಹೋಗುತ್ತಾರೆ. ನನ್ನ ವಿದ್ಯಾರ್ಥಿನಿ ಸತ್ತ ಅತ್ತೆಯ ಕಾಫಿಯಲ್ಲಿ ಅರ್ಥ ಹುಡುಕಿದ ಹಾಗೆ.

ಇನ್ನೂ ಒಂದು ಕಡೆ ನಮ್ಮ ಮುಯ್ಯಿ ಸೋಲುತ್ತದೆ. ನೋಟ್‌ಬುಕ್ಕಿನಲ್ಲಿ ಹೆಸರಿಲ್ಲದವರ ಮದುವೆಗೆ ಯಾರೂ ಹೋಗುವುದಿಲ್ಲ. ಬಿಡುಗಡೆಗಳಿಗೆ ಓಡಾಡಲಾಗದ, ರಾತ್ರಿ ಎಂಟರ ಮೇಲೆ ಸಾಹಿತ್ಯ ಮಾತಾಡಲು ಹೋಟೆಲಿಗೆ ಬರಲಾಗದ, ಅಂದರೆ ಬಹುಪಾಲು ಹೆಂಗಸರು, ದೂರದೂರಿನವರು, ಈ ಲೆಕ್ಕದಿಂದ ಹೊರಗೆ. ಸಾರಾ ಅಬೂಬಕ್ಕರ್ ಬರೆಯಲು ತೊಡಗಿದಾಗ ಅವರ ಪರವಾಗಿ ಯಾವ ಗೆಳೆಯರ ಬಳಗ ಫೋನು ಮಾಡುತ್ತಿತ್ತು? 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು 'ಲಂಕೇಶ್ ಪತ್ರಿಕೆ'ಯಲ್ಲಿ. ಸಂಪಾದಕ ತಾನೂ ದೊಡ್ಡ ಕತೆಗಾರ, ಆದರೆ ಅವರು ಕೊಟ್ಟದ್ದು ವಿಶೇಷಣಗಳನ್ನಲ್ಲ, ವಾರವಾರ ಪುಟಗಳನ್ನು. ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಳ್ಳುವ ಸಾವಿರಾರು ಜನರ ಎದುರಿಗೆ ಆ ಬರಹವನ್ನು ತಂದು ನಿಲ್ಲಿಸಿ, ಓದುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದರು. ಮುಂದೆ ಸಾರಾ ಅವರು ಚಂದ್ರಗಿರಿ ಪ್ರಕಾಶನ ಎಂಬ ಹೆಸರಿನಲ್ಲಿ ತಾವೇ ಪುಸ್ತಕ ತಂದರು. ಬಾನು ಮುಷ್ತಾಕ್ ಕೂಡ ಅದೇ ಪತ್ರಿಕೆಗೆ ವರದಿ ಬರೆದವರು, ನಮ್ಮ ಹಾಸನದವರು. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬುಕರ್ ಬಂದ ವಾರ ಅವರ ಬಗ್ಗೆ ಅಭಿಮಾನದ ಪೋಸ್ಟು ಹಾಕದ ಕನ್ನಡ ಲೇಖಕ ಸಿಗುವುದು ಕಷ್ಟವಿತ್ತು. ನಾನೂ ಹಾಕಿದೆ. ಅದಕ್ಕೆ ಮುಂಚೆ ಅವರ ಕತೆಗಳನ್ನು ತರಗತಿಯಲ್ಲಿ ಎಷ್ಟು ಸಲ ಓದಿಸಿದ್ದೆ ಎಂದು ಲೆಕ್ಕ ಹಾಕಿದೆ. ಒಂದು ಸಲ.

ಮಂಗಳೂರಿನ ಒಂದು ಸಂಘದ ಹೆಸರು ನನಗೆ ಬಹಳ ಇಷ್ಟ: ಕರಾವಳಿ ಲೇಖಕಿಯರ ವಾಚಕಿಯರ ಸಂಘ. ಬರೆಯುವವರು ಕೂಡಿ ಕಟ್ಟಿಕೊಂಡ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ. ಓದುವವರಿಗೆ ಹೆಸರಿನಲ್ಲೇ ಕುರ್ಚಿ ಕೊಟ್ಟ ಸಂಘ ಇದೊಂದೇ ನನ್ನ ಕಣ್ಣಿಗೆ ಬಿದ್ದದ್ದು.

ಈ ಕಾಲದಲ್ಲೂ ಮುಯ್ಯಾಳಿನ ಮಾದರಿಗಳು ಇಲ್ಲವೆಂದಲ್ಲ. ವಸುಧೇಂದ್ರ ತಮ್ಮ ಛಂದ ಪುಸ್ತಕದಿಂದ ಹೊಸ ಕತೆಗಾರರ ಮೊದಲ ಸಂಕಲನಕ್ಕೆ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದ್ದಾರೆ. ಇನ್ನೊಬ್ಬ ಲೇಖಕರು ಆ ಹಸ್ತಪ್ರತಿಗಳನ್ನು ಓದಿ ಒಂದನ್ನು ಆರಿಸುತ್ತಾರೆ, ಅದು ಪುಸ್ತಕವಾಗುತ್ತದೆ. ಅಂದರೆ ಮೊದಲ ಓದು ಮತ್ತು ಮೊದಲ 'ಬೇಡ' ಎರಡೂ ಬಿಡುಗಡೆಗೆ ಮುಂಚೆಯೇ ನಡೆಯುತ್ತವೆ. ಗದಗ ಜಿಲ್ಲೆಯ ರಾಜೂರಿನಂಥ ಹಳ್ಳಿಯಿಂದ ಕತೆಗಾರ ಟಿ.ಎಸ್. ಗೊರವರ ಸಂಗಾತ ಪುಸ್ತಕ ನಡೆಸುತ್ತಾರೆ. 2005ರಿಂದ 2012ರವರೆಗೆ ವಿವೇಕ ಶಾನಭಾಗ 'ದೇಶ ಕಾಲ' ನಡೆಸಿದಾಗ ಅದರಲ್ಲಿ ಕತೆ ಬರಬೇಕೆಂದು ನಮ್ಮ ಓರಗೆಯವರು ಎಷ್ಟು ಹಂಬಲಿಸಿದೆವು. ನನ್ನದು ಬರಲಿಲ್ಲ. ಇವರೆಲ್ಲ ತಾವು ಬರೆಯಬಹುದಾಗಿದ್ದ ಎಷ್ಟು ಕತೆಗಳನ್ನು ಬೇರೆಯವರ ಕರಡಿನಲ್ಲಿ ಕಳೆದರೋ.

ಹಾಗಾದರೆ ಗೆಳೆಯನ ಪುಸ್ತಕದ ದೋಷವನ್ನು ಬೆನ್ನಿನ ಮೇಲೆಯೇ ಅಚ್ಚು ಹಾಕಬೇಕೇ ಎಂದು ನೀವು ಕೇಳಬಹುದು. ಕೊಡಪಾನದ ಬೆನ್ನುಡಿ ಬರೆದವರಷ್ಟು ಧೈರ್ಯ ನನಗಿಲ್ಲ. ಮೊದಲ ಪುಸ್ತಕ ತರುವ ಹುಡುಗನ ಎದೆಯ ಬಡಿತವೂ ನನಗೆ ಗೊತ್ತು. ಅದು ನನ್ನ ಮಂಚದ ಕೆಳಗಿದ್ದ ಆರು ಕಟ್ಟುಗಳ ಮೇಲೆ ಮಲಗಿ ಕಲಿತದ್ದು. ಆದರೆ ಬೆನ್ನುಡಿ ಬರೆಯಲು ಒಪ್ಪಿದವನಿಗೆ ಅಚ್ಚಿಗೆ ಹೋಗುವ ಮುಂಚಿನ ಒಂದು ತಿಂಗಳು ಇರುತ್ತದೆ. ಹೇಳಬೇಕಾದದ್ದನ್ನು ಹೇಳುವ ಕಾಲ ಅದು. ನಮ್ಮ ಪ್ರಕಾಶನಗಳಲ್ಲಿ ಸಂಪಾದಕ ಎಂಬ ಹುದ್ದೆ ಹೆಚ್ಚಿನ ಕಡೆ ಇಲ್ಲವೇ ಇಲ್ಲ. ಹಾಗಾಗಿ ಬೆನ್ನುಡಿ ಬರೆಯುವವನೇ ಆ ಪುಸ್ತಕದ ಕೊನೆಯ ಓದುಗ, ಎಷ್ಟೋ ಸಲ ಮೊದಲನೆಯವನೂ ಅವನೇ. ನಾನು ಆ ಒಂದು ತಿಂಗಳನ್ನು ಬಸ್ಸಿನಲ್ಲಿ ಮಲಗಿ ಕಳೆದೆ.

ವಿದ್ಯಾರ್ಥಿನಿ ಕೇಳಿದ ದಿನ ಸಂಜೆ ಮನೆಗೆ ಬಂದು ಉಳಿದ ಎಂಟು ಕತೆ ಓದಿದೆ. ಅತ್ತೆಯ ಕತೆ ಅವನ ಎರಡು ಕರಡುಗಳು ಬೆರೆತು ಆದ ಎಡವಟ್ಟು ಎಂಬುದು ಓದಿದರೆ ಯಾರಿಗೂ ಹೊಳೆಯುವಂತಿತ್ತು. ಒಂದು ಕರಡಿನಲ್ಲಿ ಸಾವು ಮೊದಲು, ಇನ್ನೊಂದರಲ್ಲಿ ಕೊನೆಗೆ. ಹತ್ತನೆಯ ಕತೆ ಮಾತ್ರ ನನ್ನನ್ನು ಕೂರಿಸಿಬಿಟ್ಟಿತು. ಊರ ಸ್ಕೂಲು ಮುಚ್ಚುವ ದಿನ ಗಂಟೆಯನ್ನು ಯಾರ ಮನೆಯಲ್ಲಿಡಬೇಕು ಎಂದು ನಡೆಯುವ ಪಂಚಾಯ್ತಿ. ಅಷ್ಟು ಒಳ್ಳೆಯ ಕತೆಯನ್ನು ಅವನು ಆಮೇಲೆ ಬರೆದಿಲ್ಲ. ಅದರ ಬಗ್ಗೆ ನನ್ನ ಬೆನ್ನುಡಿಯಲ್ಲಿ ಒಂದು ಅಕ್ಷರವಿಲ್ಲ. ದೋಷ ತಪ್ಪಿಸಲಿಲ್ಲ ಎನ್ನುವುದಕ್ಕಿಂತ ಅದು ಹೆಚ್ಚು ಚುಚ್ಚಿತು. ಓದದೆ ಹೊಗಳಿದ್ದರಿಂದ ನಿಜವಾಗಿ ಹೊಗಳಬೇಕಾದದ್ದೇ ತಪ್ಪಿಹೋಗಿತ್ತು.

ಅವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬಸ್ಸಿನ ನಿದ್ದೆಯನ್ನೂ ಬಿಡದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಿನಗೆ ಕಳಿಸಿದ್ದು ಹೊಗಳ್ಲಿ ಅಂತಲ್ಲ ಮಾರಾಯ. ಬೇರೆ ಯಾರೂ ಓದಲ್ಲ ಅಂತ ಗೊತ್ತಿತ್ತು, ನೀನಾದ್ರೂ ಓದ್ತೀಯ ಅಂತ" ಎಂದ. ವಿದ್ಯಾರ್ಥಿನಿಗೂ ಮಾರನೆಯ ದಿನ ಹೇಳಿದೆ. ಅವಳು ನಕ್ಕಳು. "ಹಾಗಾದ್ರೆ ನಾನು ಕರೆಕ್ಟಾಗೇ ಓದಿದ್ದೆ" ಎಂದಳು.

ಈಗ ಅವನ ಎರಡನೆಯ ಸಂಕಲನದ ಹಸ್ತಪ್ರತಿ ಬಂದಿದೆ. ಈ ಸಲ ಪಿಡಿಎಫ್ ಬೇಡ, ಪ್ರಿಂಟು ತೆಗೆಸಿ ಕಳಿಸು ಎಂದಿದ್ದೆ. ಪೆನ್ಸಿಲ್ ಹಿಡಿದು ಎರಡು ಸಲ ಓದಿದೆ. ಒಂಬತ್ತು ಕತೆಗಳಲ್ಲಿ ಎರಡನ್ನು ತೆಗೆಯಬೇಕು, ಒಂದರ ಕೊನೆಯ ಪುಟ ಹರಿದು ಹಾಕಬೇಕು ಎಂದು ಬರೆದು ಹಿಂದಕ್ಕೆ ಕಳಿಸಿದೆ. ಬೆನ್ನುಡಿ ಇನ್ನೂ ಬರೆದಿಲ್ಲ. ಹನ್ನೊಂದು ದಿನ ಅವನಿಂದ ಸುದ್ದಿಯೇ ಇರಲಿಲ್ಲ. ನಿನ್ನೆ ಫೋನು ಬಂತು. ಒಂದು ಕತೆ ತೆಗೆದಿದ್ದೇನೆ, ಇನ್ನೊಂದನ್ನು ಸತ್ತರೂ ತೆಗೆಯುವುದಿಲ್ಲ, ಕೊನೆಯ ಪುಟದ ಬಗ್ಗೆ ಮುಖಾಮುಖಿ ಮಾತಾಡಬೇಕು, ಭಾನುವಾರ ಬಾ ಎಂದ. ಆ ಭಾನುವಾರ ಬೆಂಗಳೂರಿನಲ್ಲಿ ನಾನು ಹೋಗಲೇಬೇಕಾದ ಮೂರು ಬಿಡುಗಡೆಗಳಿವೆ. ಮೂವರಿಗೂ ಬರುವುದಿಲ್ಲ ಎಂದು ಹೇಳಿದ್ದೇನೆ. ಒಬ್ಬರು ಮಾತ್ರ ಯಾಕೆ ಎಂದು ಕೇಳಿದರು.